ಕೊಂಡ ಭೂತ, ಮಾಡಿದ ಭೂತ

ಅಕ್ಟೋಬರ್ ಕೊನೆಗೆ ಬಂತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಹಲವು ಇಂಗ್ಲಿಷ್ ಮಾಧ್ಯಮ ಶಾಲೆಗಳ ವಾಟ್ಸಾಪ್ ಗುಂಪುಗಳಿಗೆ ಒಂದು ಸಂದೇಶ ಬರುತ್ತದೆ. ಇಂಥ ದಿನ ಹ್ಯಾಲೋವೀನ್, ಮಕ್ಕಳು ಭೂತ, ಮಾಟಗಾತಿ ಅಥವಾ ಅಸ್ಥಿಪಂಜರದ ವೇಷದಲ್ಲಿ ಬರಬೇಕು. ಅಪ್ಪ ಅಮ್ಮ ಆಗಷ್ಟೇ ಲೋಕಲ್ ಇಳಿದು ಮನೆ ಸೇರಿರುತ್ತಾರೆ. ಮರುದಿನ ಸ್ಟೇಷನ್ ಪಕ್ಕದ ಅಂಗಡಿಗೆ ಓಟ. ಪ್ಲಾಸ್ಟಿಕ್ ಮುಖವಾಡ, ಕಪ್ಪು ನೈಲಾನ್ ಮೇಲಂಗಿ, ಕಿತ್ತಳೆ ಬಣ್ಣದ ಬುಟ್ಟಿ. ಎರಡು ಗಂಟೆಯ ಸಂಭ್ರಮ, ನಾಲ್ಕು ಫೋಟೊ. ಮುಂದಿನ ವರ್ಷಕ್ಕೆ ಆ ಅಂಗಿ ಅಳತೆಗೆ ಬರುವುದಿಲ್ಲ.

ಇದು ಪರದೇಶದ ಪಿಡುಗು ಎಂದು ಮನೆಯ ಹಿರಿಯರು ಗೊಣಗುತ್ತಾರೆ. ಮಕ್ಕಳಿಗೆ ಜಗತ್ತಿನ ಪರಿಚಯವಾಗಬೇಡವೇ ಎಂದು ಶಾಲೆ ಕೇಳುತ್ತದೆ. ಈ ಜಗಳದಲ್ಲಿ ನಿಜವಾದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಹ್ಯಾಲೋವೀನ್ ಶಾಲೆಗೆ ಬಂದದ್ದರಲ್ಲಿ ಕೆಡುಕೇನಿಲ್ಲ, ಅದು ಅಂಗಡಿಯ ಮೂಲಕ ಬಂದದ್ದರಲ್ಲಿ ಇದೆ.

ಮೂಲದಲ್ಲಿ ಅದು ಖರ್ಚಿಲ್ಲದ ಹಬ್ಬ. ಐರ್ಲೆಂಡ್, ಸ್ಕಾಟ್ಲೆಂಡಿನ ಹಳ್ಳಿಗರು ಹೊಲದಲ್ಲಿ ಸಿಕ್ಕ ಟರ್ನಿಪ್ ಗಡ್ಡೆಯನ್ನು ಕೊರೆದು, ಮುಖ ಮಾಡಿ, ಒಳಗೆ ದೀಪ ಇಡುತ್ತಿದ್ದರು. 19ನೇ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದವರಿಗೆ ಅಲ್ಲಿ ಕುಂಬಳಕಾಯಿ ಧಾರಾಳವಾಗಿ ಸಿಕ್ಕಿತು, ಗಡ್ಡೆಯ ಜಾಗಕ್ಕೆ ಕಾಯಿ ಬಂತು. ಇಂಗ್ಲೆಂಡಿನಲ್ಲಿ ನವೆಂಬರ್ ಮೊದಲ ದಿನಗಳಲ್ಲಿ ಬಡವರು ಮನೆಮನೆಗೆ ಹೋಗಿ, ಸತ್ತವರಿಗಾಗಿ ಪ್ರಾರ್ಥಿಸಿ ಪುಟ್ಟ ಕೇಕು ಪಡೆಯುತ್ತಿದ್ದರು. ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಳ್ಳುವುದೇ ಅದರ ಜೀವ.

ಪರದೇಶದ್ದು ಎಂಬ ವಾದವೂ ಹೆಚ್ಚು ದೂರ ಹೋಗದು. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿತ್ತು. ಅಂದು ಮುಂಜಾನೆ ಠಾಣೆ, ಡೊಂಬಿವಲಿಯ ಮರಾಠಿ ಮನೆಗಳಲ್ಲಿ ಅಸುರನೆಂದು ಬಗೆದು ಕರೀಟ ಎಂಬ ಕಹಿ ಕಾಯಿಯನ್ನು ಕಾಲಿನಿಂದ ಮೆಟ್ಟಿ ಒಡೆಯುತ್ತಾರೆ. ಗೋವೆಯ ಹುಡುಗರು ಬಿದಿರು, ಹುಲ್ಲು, ಹಳೆ ಕಾಗದದಿಂದ ಆಳೆತ್ತರದ ನರಕಾಸುರನನ್ನು ಕಟ್ಟಿ ಬೆಳಗಿನ ಜಾವ ಸುಡುತ್ತಾರೆ. ಕನ್ನಡ ನಾಡಿನಲ್ಲಿ ಹೊಸ ಕಟ್ಟಡದ ಮುಂದೆ ಕೋರೆಹಲ್ಲಿನ ಮುಖ ಬರೆದ ಬೂದುಗುಂಬಳ ತೂಗುತ್ತದೆ. ಕುಂಬಳಕ್ಕೆ ಮುಖ ಬರೆಯುವುದನ್ನು ಅಮೆರಿಕದಿಂದ ಕಲಿಯಬೇಕಾಗಿಲ್ಲ. ಈ ಊರುಗಳಲ್ಲಿ ನೆಲೆಸಿದ ಉಡುಪಿ, ದಕ್ಷಿಣ ಕನ್ನಡದ ಕುಟುಂಬಗಳಿಗಂತೂ ತೆಂಕುತಿಟ್ಟಿನ ಬಣ್ಣದ ವೇಷ ಗೊತ್ತು. ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ ಇಟ್ಟ ಆ ರಾಕ್ಷಸನ ಮುಂದೆ ಯಾವ ಪ್ಲಾಸ್ಟಿಕ್ ಮುಖವಾಡ ನಿಂತೀತು?

ಹಾಗೆಂದು ಹ್ಯಾಲೋವೀನ್ ಬಿಟ್ಟು ದೀಪಾವಳಿ ಮಾತ್ರ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ದೀಪಾವಳಿ ರಜೆಯಲ್ಲಿ ಈ ಭಾಗದ ವಸತಿ ಸಂಕೀರ್ಣಗಳ ಮಕ್ಕಳು ಕಲ್ಲು, ಇಟ್ಟಿಗೆ, ಗೋಣಿಚೀಲ, ಕೆಮ್ಮಣ್ಣಿನಿಂದ ಕೋಟೆ ಕಟ್ಟುತ್ತಾರೆ. ಮೇಲೆ ಸಾಸಿವೆ ಚೆಲ್ಲಿ ಹಸಿರು ಬರಿಸಿ, ಶಿವಾಜಿ ಮತ್ತು ಮಾವಳೆಗಳ ಮಣ್ಣಿನ ಗೊಂಬೆ ನಿಲ್ಲಿಸುತ್ತಾರೆ. ಕನ್ನಡದ ಮನೆಯ ಮಕ್ಕಳೂ ಅದೇ ಕೆಸರಿನಲ್ಲಿ ಕೈಯಾಡಿಸುತ್ತಾರೆ. ಈಗ ಅದಕ್ಕೂ ಸಿದ್ಧ ಕೋಟೆಗಳು ಅಂಗಡಿಗೆ ಬಂದಿವೆ. ತಂದು ಇಟ್ಟರೆ ಮುಗಿಯಿತು. ಹಬ್ಬ ಎಲ್ಲಿಯದಾದರೂ ರೋಗ ಒಂದೇ.

ಈ ರೋಗದ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟು ಉಳಿದ ಖಾಸಗಿ ಅನುದಾನರಹಿತ ಶಾಲೆಗಳು ಪ್ರವೇಶ ತರಗತಿಯ ಕನಿಷ್ಠ ಶೇಕಡಾ 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಮನೆಗೆಲಸದವಳ ಮಗಳು, ರಿಕ್ಷಾ ಓಡಿಸುವವನ ಮಗ ಅದೇ ಬೆಂಚಿನಲ್ಲಿ ಕೂರುತ್ತಾರೆ. ವರ್ಷವಿಡೀ ಸಮವಸ್ತ್ರ ಅವರನ್ನು ಕಾಯುತ್ತದೆ. ವೇಷದ ದಿನ ಆ ರಕ್ಷಣೆ ಇಲ್ಲ. ಆ ದಿನ ಮಗುವಿಗೆ ಹೊಟ್ಟೆನೋವು ಬಂದರೆ, ಅದು ಎಂಥ ಹೊಟ್ಟೆನೋವು ಎಂದು ಶಿಕ್ಷಕಿಗೆ ಗೊತ್ತಿರಬೇಕು. ವೇಷ ಕಡ್ಡಾಯವಲ್ಲ ಎಂಬ ಒಂದು ಸಾಲು ಸೇರಿಸಿ ಶಾಲೆ ಕೈತೊಳೆದುಕೊಳ್ಳುವಂತಿಲ್ಲ. ಏಳು ವರ್ಷದ ಮಗುವಿಗೆ ಐಚ್ಛಿಕ ಎನ್ನುವುದು ಅರ್ಥವಾಗುವುದಿಲ್ಲ. ಎಲ್ಲರ ಬಳಿ ಇದೆ, ತನ್ನ ಬಳಿ ಇಲ್ಲ ಎಂಬುದಷ್ಟೇ ಅರ್ಥವಾಗುತ್ತದೆ.

ಪರಿಹಾರಕ್ಕೆ ಒಂದೇ ನಿಯಮ ಸಾಕು: ಮನೆಯಿಂದ ಏನನ್ನೂ ಕೊಂಡು ತರುವಂತಿಲ್ಲ, ಎಲ್ಲವೂ ತರಗತಿಯಲ್ಲೇ ಆಗಬೇಕು. ಎರಡು ಪೀರಿಯಡ್ ಬಿಟ್ಟುಕೊಟ್ಟರೆ ಆಯಿತು. ಹಳೆ ಪತ್ರಿಕೆ, ಅಂಟು, ದಾರ ಇದ್ದರೆ ಮುಖವಾಡ. ಕಿಟಕಿಗೆ ಹೊದಿಕೆ ಕಟ್ಟಿ ಒಂದು ಟಾರ್ಚ್ ಹಿಡಿದರೆ ಗೋಡೆಯ ಮೇಲೆ ಬೆರಳುಗಳ ನೆರಳಿನ ಭೂತ. ಕಣ್ಣಿಗೆ ಬಟ್ಟೆ ಕಟ್ಟಿ ಬಟ್ಟಲಿಗೆ ಕೈ ಹಾಕಿಸಿದರೆ ಬೇಯಿಸಿದ ಶಾವಿಗೆಯೇ ಕರುಳು, ಸಿಪ್ಪೆ ಸುಲಿದ ದ್ರಾಕ್ಷಿಯೇ ಕಣ್ಣುಗುಡ್ಡೆ, ನೆನೆಸಿದ ಸಾಬಕ್ಕಿಯೇ ಹಾವಿನ ಮೊಟ್ಟೆ. ಕಿರುಚಾಟ, ನಗು ಎರಡಕ್ಕೂ ಬರವಿರುವುದಿಲ್ಲ. ತರಗತಿಗೆ ಒಂದೇ ಕುಂಬಳಕಾಯಿ ತಂದು, ಮಕ್ಕಳೆಲ್ಲ ಸೇರಿ ಮಸಿಯಿಂದ ಅದಕ್ಕೆ ಮುಖ ಬರೆದರೆ ಚಾಕುವಿನ ಭಯವೂ ಇಲ್ಲ. ಸಂಜೆ ಸಿಪ್ಪೆ ಹೆರೆದು ಆಯಾಗಳು ಹಂಚಿಕೊಂಡು ಒಯ್ದರೆ ಮರುದಿನದ ಪಲ್ಯಕ್ಕೂ ಆಯಿತು.

ಇದು ಮೂಢನಂಬಿಕೆ ಬಿತ್ತುವ ಆಟ ಎನ್ನುವವರೂ ಇದ್ದಾರೆ. ಮಹಾರಾಷ್ಟ್ರದಲ್ಲಿ ಆ ಆತಂಕವನ್ನು ಹಗುರಾಗಿ ನೋಡಬಾರದು. ಜೀವನವಿಡೀ ಮೂಢನಂಬಿಕೆಯ ವಿರುದ್ಧ ದುಡಿದ ನರೇಂದ್ರ ದಾಭೋಲ್ಕರ್ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಹತ್ಯೆಯಾದರು. ಅದೇ ವರ್ಷ ರಾಜ್ಯ ಮಾಟಮಂತ್ರ ವಿರೋಧಿ ಕಾಯ್ದೆ ತಂದಿತು. ಆದರೆ ಭೂತವನ್ನು ತಾನೇ ಅಂಟಿಸಿ ನಿಲ್ಲಿಸಿದ ಮಗುವಿಗೆ ಅದರ ಬೆನ್ನ ಹಿಂದಿನ ದಾರ, ಕಾಗದ ಎಲ್ಲ ಗೊತ್ತು. ಗೋಡೆಯ ಮೇಲಿನ ರಾಕ್ಷಸ ತನ್ನ ಐದು ಬೆರಳು ಎಂದು ಕಂಡ ಮಗುವಿಗೆ ಕತ್ತಲಿನ ಬಗ್ಗೆ ಒಂದು ಪಾಠ ಸಿಕ್ಕಿದಂತೆಯೇ. ಅಂಗಡಿಯ ಮುಖವಾಡದಿಂದ ಈ ಪಾಠ ಸಿಗುವುದಿಲ್ಲ.

ಪಾಠ ಮುಗಿಸಬೇಕು, ಸಮಯವಿಲ್ಲ ಎಂಬುದು ಶಾಲೆಯ ಕೊನೆಯ ನೆಪ. ಫೋಟೊಗೆ ಸಾಲು ನಿಲ್ಲಿಸಲು ಸಿಗುವ ಸಮಯ ಅಂಟು ಹಚ್ಚಲು ಸಿಗದೇ? ಕೇಳುವ ಜಾಗವೂ ಇದೆ. ಮಹಾರಾಷ್ಟ್ರದ 2011ರ ಶುಲ್ಕ ನಿಯಂತ್ರಣ ಕಾಯ್ದೆಯ ಪ್ರಕಾರ ಖಾಸಗಿ ಶಾಲೆಯಲ್ಲಿ ಪಾಲಕ-ಶಿಕ್ಷಕ ಸಂಘ ಇರಲೇಬೇಕು. ಆ ಸಭೆಯಲ್ಲಿ ಕೈ ಎತ್ತದೆ, ಮನೆಗೆ ಬಂದು ಸಂಸ್ಕೃತಿ ಹಾಳಾಯಿತೆಂದು ಗೊಣಗಿದರೆ ಏನೂ ಬದಲಾಗದು.

ಕನ್ನಡದ ಪಾಲಕರಿಗೆ ಆ ದಿನಕ್ಕಾಗಿ ಒಂದು ಕಾಣಿಕೆಯೂ ಕೈಯಲ್ಲಿದೆ. 1990ರ ದಶಕದಲ್ಲಿ ಕರ್ನಾಟಕದ ಊರೂರಿನ ಬಾಗಿಲು, ಗೋಡೆಗಳ ಮೇಲೆ ಜನ 'ನಾಳೆ ಬಾ' ಎಂದು ಬರೆದಿದ್ದರು. ರಾತ್ರಿ ಬಾಗಿಲು ತಟ್ಟುವ ಭೂತ ಅದನ್ನು ಓದಿ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ ಎಂಬ ಕತೆ. ಅದಕ್ಕೆ ಬೇಕಾದದ್ದು ಸುಣ್ಣದ ಕಡ್ಡಿಯ ಒಂದು ತುಂಡು. ಡೊಂಬಿವಲಿಯ ತರಗತಿಯೊಂದರಲ್ಲಿ ಅಜ್ಜಿಯೊಬ್ಬರು ಬಂದು ಈ ಕತೆ ಹೇಳಿ, ಮೊಮ್ಮಗಳ ಕೈಯಲ್ಲಿ ಬಾಗಿಲ ಮೇಲೆ ಆ ಮೂರು ಅಕ್ಷರ ಬರೆಯಿಸಲಿ. ಮೊಮ್ಮಗಳಿಗೆ ಬರೆಯಲು ಬಾರದಿದ್ದರೆ ಅಂದೇ ಕಲಿಸಲಿ. ಭೂತಕ್ಕೇ ಓದಲು ಬರುತ್ತಿದ್ದ ಕನ್ನಡ ಮನೆಯ ಮಗುವಿಗೆ ಬಾರದೆ ಹೋಗುವುದು ಯಾವ ಮುಖವಾಡಕ್ಕಿಂತಲೂ ಹೆಚ್ಚು ಹೆದರಬೇಕಾದ ಸಂಗತಿ.