ಅಪ್ಪನ ಬಾಚಿಯೂ ಬಯೋಡೇಟಾದಲ್ಲಿರಲಿ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ಚಿಂತಾಮಣಿ ಕಡೆಯ ನಾನು ದೋಣಿಯ ಬಗ್ಗೆ ಬರೆದರೆ ಗೆಳೆಯರು ನಗಬಹುದು. ಆದರೆ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಪುಟ್ಟ ಹಾಯಿದೋಣಿಯೊಂದು ಕಲಿಸಿದ ಪಾಠವನ್ನು ಕಾಲೇಜು ಕಲಿಸಿರಲಿಲ್ಲ.

ಯುರೋಪಿನಲ್ಲಿ ರಜಾದಿನ ಮನೆಮಂದಿಯೆಲ್ಲ ಕೂತು ಹೋಗುವ ಸಣ್ಣ ಹಾಯಿದೋಣಿಗಳಿವೆ. ಪ್ಲೈವುಡ್ ತಂದು ಮನೆಯಲ್ಲೇ ಕಟ್ಟಿಕೊಳ್ಳುವವರೂ ಇದ್ದಾರೆ. ಅವುಗಳಲ್ಲಿ ಕೆಲವಕ್ಕೆ ಮಾದರಿ ಸಾವಿರ ವರ್ಷ ಹಿಂದಿನ ವೈಕಿಂಗ್ ಹಡಗು. ಎರಡೂ ತುದಿ ಚೂಪು. ಹೆಂಚು ಹೊದಿಸಿದಂತೆ ಒಂದು ಹಲಗೆಯ ಅಂಚಿನ ಮೇಲೆ ಇನ್ನೊಂದು ಹಲಗೆ. ವೈಕಿಂಗರು ಮೊದಲು ಹಲಗೆಗಳನ್ನು ಕಬ್ಬಿಣದ ರಿವೆಟ್‌ಗಳಿಂದ ಜೋಡಿಸಿ ಹೊರಮೈ ಕಟ್ಟಿ, ಆಮೇಲೆ ಒಳಗಿನ ಪಕ್ಕೆಗಳನ್ನು ಕೂರಿಸುತ್ತಿದ್ದರು. ಹಾಗಾಗಿ ಹಡಗು ಹಗುರ, ಅಲೆ ಬಡಿದರೆ ಬಾಗಿಕೊಡುತ್ತಿತ್ತು.

1880ರಲ್ಲಿ ನಾರ್ವೆಯ ಗೋಕ್‌ಸ್ಟಾಡ್‌ನ ದಿಬ್ಬ ಅಗೆದಾಗ ಸುಮಾರು 23 ಮೀಟರ್ ಉದ್ದದ ಹಡಗಿನ ಜೊತೆ ಮೂರು ಸಣ್ಣ ದೋಣಿಗಳೂ ಸಿಕ್ಕವು. ದೊಡ್ಡ ಹಡಗು ಮ್ಯೂಸಿಯಂ ಸೇರಿತು. ಸಣ್ಣ ದೋಣಿ ಕಟ್ಟುವ ವಿದ್ಯೆ ಮಾತ್ರ ಕರಾವಳಿಯ ಜನರ ಕೈಯಲ್ಲೇ ಉಳಿಯಿತು. 2021ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮಲ್ಲೂ ಅಂಥದ್ದೇ ಒಂದು ಕೆಲಸ ನಡೆದಿದೆ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿದ ‘ಐಎನ್‌ಎಸ್‌ವಿ ಕೌಂಡಿನ್ಯ’, ಅಜಂತಾದ 5ನೇ ಶತಮಾನದ ಚಿತ್ರ ನೋಡಿ ಕಟ್ಟಿದ ಹಾಯಿಹಡಗು. ಅದರ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದವರು ಬಾಬು ಶಂಕರನ್ ನೇತೃತ್ವದ ಕೇರಳದ ಕುಶಲಕರ್ಮಿಗಳು. ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಲು ಮದ್ರಾಸ್ ಐಐಟಿ ನೆರವಾಯಿತು. ಅಲ್ಲಿ ಬಡಗಿಯೂ ಬೇಕಾದ, ಎಂಜಿನಿಯರೂ ಬೇಕಾದ.

ನನ್ನಪ್ಪ ಬಡಗಿ. ಎತ್ತಿನ ಗಾಡಿಯ ಚಕ್ರ ಮಾಡುತ್ತಿದ್ದವರು. ಹುಡುಗನಾಗಿದ್ದಾಗ ಅವರ ಜೊತೆ ಕೂತು ಗುಂಬಕ್ಕೆ ಅರೆಗಳನ್ನು ಕೂರಿಸಿದ್ದೇನೆ. ಆದರೆ ಬಯೋಡೇಟಾದಲ್ಲಿ ಅದನ್ನು ಬರೆಯಲು ನಾಚಿಕೆ. ಒಂದು ಸಂದರ್ಶನದಲ್ಲಿ ‘ನೀನೇ ಕೈಯಾರೆ ಮಾಡಿದ್ದು ಏನು?’ ಎಂದು ಕೇಳಿದರು. ದುಡ್ಡು ಕೊಟ್ಟು ತಂದ ಕೊನೇ ವರ್ಷದ ಪ್ರಾಜೆಕ್ಟ್ ಹೆಸರು ಹೇಳಿದೆ. ಎರಡನೇ ಪ್ರಶ್ನೆಗೇ ಸಿಕ್ಕಿಬಿದ್ದೆ.

ಎಲ್ಲರೂ ಬಾಚಿ ಹಿಡಿಯಿರಿ ಎನ್ನುತ್ತಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಗಾಡಿ ಕೇಳುವವರಿಲ್ಲ, ‘ಈ ಕೆಲಸಕ್ಕೆ ಬರಬೇಡಪ್ಪ’ ಎಂದವರೂ ಅಪ್ಪನೇ. ಆದರೆ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಎಳೆ ಹಿಡಿಯುವ ಬೆರಳಿಗೆ, ಗೌರಿಬಿದನೂರಿನ ನೇಕಾರರ ಕೈಗೆ ಗೊತ್ತಿರುವುದು ಪುಸ್ತಕದಲ್ಲಿಲ್ಲ. ಕೊನೇ ವರ್ಷದ ಪ್ರಾಜೆಕ್ಟನ್ನು ಅಂಥವರ ಬಳಿ ಕೂತು ಕಲಿತು ಮಾಡುವಂತೆ ನಮ್ಮ ಕಾಲೇಜುಗಳು ನಿಯಮ ಮಾಡಲಿ. ಪುಟ್ಟದಾದರೂ ಸರಿ, ಪೂರ್ತಿಯಾದ ಒಂದು ವಸ್ತು, ಅಂಗಡಿಯಲ್ಲಿ ಕೊಂಡದ್ದಲ್ಲ. ಮಳೆ ಚೆನ್ನಾಗಿ ಬಂದ ವರ್ಷ ನಮ್ಮೂರ ಕೆರೆಗೆ ಇಳಿಸುವ ದೋಣಿಯಾದರೂ ಆದೀತು.

ಮೊನ್ನೆ ಬಯೋಡೇಟಾ ತಿದ್ದಿ ‘ಮರಗೆಲಸ ಬರುತ್ತದೆ, ಕಲಿಸಿದವರು ತಂದೆ’ ಎಂದು ಸೇರಿಸಿದೆ. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಆ ಪ್ರಶ್ನೆಯನ್ನು ಮತ್ತೆ ಕೇಳಿದರೆ ಈ ಸಲ ನನ್ನ ಬಳಿ ಉತ್ತರವಿದೆ.