ಯಂತ್ರ ಹೊಸತು, ಕಷಾಯ ಹಳೆಯದು

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ಬೆಳೆಸಿದ ವಿಜ್ಞಾನ ಕಥೆಯನ್ನು ಬರಿಯ ಯಂತ್ರಗಳ ಕೌತುಕವೆಂದು ತಿಳಿಯುವವರುಂಟು. ಆದರೆ ಈ ಪ್ರಕಾರದ ಉತ್ತಮ ಕಥೆಗಳು ಪರೀಕ್ಷಿಸುವುದು ಯಂತ್ರವನ್ನಲ್ಲ, ಅದನ್ನು ಬಳಸುವ ಮನುಷ್ಯನ ಮನಸ್ಸನ್ನು.

ಅಮೆರಿಕದ ರೇ ಬ್ರ್ಯಾಡ್ಬರಿಯವರ 'ಎ ಸೌಂಡ್ ಆಫ್ ಥಂಡರ್' 1952ರಲ್ಲಿ ಪ್ರಕಟವಾದ ಸಣ್ಣಕಥೆ. ಅದರಲ್ಲಿ ಧನಿಕನೊಬ್ಬ 2055ರಿಂದ ಕಾಲಯಂತ್ರವೇರಿ ಡೈನೋಸಾರ್ ಬೇಟೆಗೆ ಹೋಗುತ್ತಾನೆ. ನೆಲ ಮುಟ್ಟದ ದಾರಿಯನ್ನು ಬಿಟ್ಟಿಳಿಯಬಾರದೆಂಬುದು ಅಲ್ಲಿನ ಕಟ್ಟಳೆ. ಭಯದಿಂದ ದಾರಿ ತಪ್ಪಿದ ಅವನ ಕಾಲಡಿ ಚಿಟ್ಟೆಯೊಂದು ಸಾಯುತ್ತದೆ. ಮರಳಿ ಬಂದಾಗ ದೇಶದ ಚುನಾವಣೆಯ ಫಲಿತಾಂಶವೇ ಬದಲಾಗಿ, ಸರ್ವಾಧಿಕಾರಿ ಗೆದ್ದಿರುತ್ತಾನೆ.

ಸಣ್ಣ ಕಾರಣಕ್ಕೆ ದೊಡ್ಡ ಪರಿಣಾಮ ಎಂಬುದಷ್ಟನ್ನೇ ಹಲವರು ಇಲ್ಲಿ ಕಾಣುತ್ತಾರೆ. ಆದರೆ ಬೇಟೆಯ ಸಂಸ್ಥೆ ತನ್ನ ಪರವಾನಗಿ ಉಳಿಸಿಕೊಳ್ಳಲು ಸರ್ಕಾರಕ್ಕೆ ಲಂಚ ತೆರುತ್ತಿತ್ತೆಂಬ ಮಾತೂ ಕಥೆಯಲ್ಲಿದೆ. ಹೇಗೂ ಸಾಯಲಿರುವ ಪ್ರಾಣಿಯನ್ನೇ ಕೊಲ್ಲುತ್ತೇವೆಂಬ ಸಮಾಧಾನವೂ ಇದೆ. ಚಿಟ್ಟೆ ಸಾಯುವ ಮೊದಲೇ ಅಲ್ಲಿ ಧರ್ಮ ಸತ್ತಿತ್ತು.

ಪ್ರಮಾದದಿಂದ ಪ್ರಾಣಕ್ಕೆ ಕೇಡೆಸಗುವುದೇ ಹಿಂಸೆ ಎಂಬುದು ತತ್ತ್ವಾರ್ಥಸೂತ್ರದ ನಿರೂಪಣೆ. ಮುನಿಗಳು ನೆಲ ನೋಡಿ ನಡೆಯುವ ಈರ್ಯಾಸಮಿತಿ ಈ ಎಚ್ಚರದ ಅಭ್ಯಾಸವೇ ಆಗಿದೆ. 1209ರಲ್ಲಿ ಜನ್ನಕವಿ ರಚಿಸಿದ 'ಯಶೋಧರ ಚರಿತೆ'ಯಲ್ಲಿ ಅರಸನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು ಮಾತ್ರ. ಆದರೂ ಆ ಸಂಕಲ್ಪದ ಫಲವಾಗಿ ಅವನೂ ಅವನ ತಾಯಿಯೂ ತಿರ್ಯಂಚ ಜನ್ಮಗಳಲ್ಲಿ ತೊಳಲಬೇಕಾಯಿತು. ಹಿಟ್ಟಿನ ಕೋಳಿಗೂ ಕಾಲಡಿಯ ಚಿಟ್ಟೆಗೂ ನಡುವೆ ಏಳು ಶತಮಾನಗಳ ಅಂತರವಿದೆ. ಕೇಡಿನ ಬೇರು ಒಂದೇ, ಅದು ಅಂತರಂಗದ ಕಷಾಯ.

ಶ್ರಾವಕರಿಗೆ ಇದು ದೂರದ ಮಾತಲ್ಲ. ನೆಲಮಂಗಲದ ಬಳಿಯ ಅರಿಶಿನಕುಂಟೆಯಂಥ ಊರುಗಳ ಸುತ್ತ ಇಂದು ಹೊಲಗಳು ನಿವೇಶನಗಳಾಗುತ್ತಿವೆ, ನೆಲಕ್ಕೆ ಚಿನ್ನದ ಬೆಲೆ ಬಂದಿದೆ. ಇಂಥಲ್ಲಿ ಕೆಲಸ ಬೇಗ ಆಗಲೆಂದು ಕೈ ಬೆಚ್ಚಗೆ ಮಾಡಿ, 'ಎಲ್ಲರೂ ಕೊಡುತ್ತಾರೆ' ಎನ್ನುವುದು ಸುಲಭ. ಆದರೆ ರಾಜ್ಯದ ಕಟ್ಟಳೆ ಮೀರಿ ಲಾಭ ಪಡೆಯುವುದನ್ನು ವಿರುದ್ಧರಾಜ್ಯಾತಿಕ್ರಮವೆಂದು ಕರೆದು, ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ. ಕೊಳ್ಳುವವನಷ್ಟೇ ಅಲ್ಲ, ಕೊಡುವವನೂ ವ್ರತಭ್ರಷ್ಟ.

ಕಾಲಯಂತ್ರವೇರಿಯೂ ಆ ಬೇಟೆಗಾರ ತನ್ನ ತಪ್ಪನ್ನು ಅಳಿಸಲಾಗಲಿಲ್ಲ. ಹಿಂದಣ ಹೆಜ್ಜೆಯನ್ನು ಆಲೋಚಿಸಿ ಮುಂದಣ ಹೆಜ್ಜೆಯನ್ನು ತಿದ್ದಿಕೊಳ್ಳಲು ಶ್ರಾವಕನಿಗೆ ಪ್ರತಿಕ್ರಮಣವಿದೆ. ಅದಕ್ಕೆ ಯಂತ್ರ ಬೇಡ, ಎಚ್ಚರ ಸಾಕು.