ರಾಷ್ಟ್ರಪತಿ ಪದವಿಗೆ ಎರಡೇ ಅವಧಿ: ಮಡಕಶಿರ, ರಾಯದುರ್ಗ ಸೀಮೆಯ ಕನ್ನಡಿಗರಲ್ಲಿ ವಿಜ್ಞಾಪನೆ



ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು 1948ರ ಫೆಬ್ರವರಿಯಲ್ಲಿ ಪ್ರಕಟಿಸಿದ ಕರಡು ಸಂವಿಧಾನದ 46ನೆಯ ವಿಧಿಯಲ್ಲಿ, ರಾಷ್ಟ್ರಪತಿಯಾದವನು ಇನ್ನೊಂದು ಬಾರಿ, ಅದೂ ಒಂದೇ ಒಂದು ಬಾರಿ, ಪುನಃ ಚುನಾಯಿತನಾಗಬಹುದೆಂಬ ಮಿತಿಯಿದ್ದಿತು. ಸಂವಿಧಾನ ಸಭೆಯು ಆ ಮಿತಿಯನ್ನು ಕೈಬಿಟ್ಟುದರಿಂದ, ಇಂದಿನ 57ನೆಯ ವಿಧಿಯ ಪ್ರಕಾರ ಒಬ್ಬನೇ ವ್ಯಕ್ತಿಯು ಎಷ್ಟು ಸಲ ಬೇಕಾದರೂ ಆ ಪೀಠವನ್ನೇರಲು ಅಡ್ಡಿಯಿಲ್ಲ. ಅಂದು ಬಿಟ್ಟ ಮಾತನ್ನು ಮರಳಿ ಸೇರಿಸಬೇಕೆಂಬುದು ನಮ್ಮ ಬೇಡಿಕೆ.

ಬಾಬು ರಾಜೇಂದ್ರ ಪ್ರಸಾದರ ತರುವಾಯ ಯಾರೂ ಎರಡನೆಯ ಅವಧಿಗೆ ಆರಿಸಿಬಂದಿಲ್ಲ. ಸಂಪ್ರದಾಯವೇ ಇರುವಾಗ ಶಾಸನವೇಕೆ ಎನ್ನುವವರುಂಟು. ಅಮೆರಿಕದಲ್ಲಿಯೂ ವಾಷಿಂಗ್ಟನ್ನರು ಹಾಕಿಕೊಟ್ಟ ಎರಡು ಅವಧಿಯ ಸಂಪ್ರದಾಯವು ಸುಮಾರು ಒಂದೂವರೆ ಶತಮಾನ ನಡೆದುಬಂದು, 1940ರಲ್ಲಿ ರೂಸ್‌ವೆಲ್ಟರು ಮೂರನೆಯ ಬಾರಿ ಗೆದ್ದಾಗ ಮುರಿದುಬಿದ್ದಿತು. 1951ರಲ್ಲಿ 22ನೆಯ ತಿದ್ದುಪಡಿಯಿಂದ ಅದನ್ನು ಶಾಸನವಾಗಿ ಕಟ್ಟಬೇಕಾಯಿತು.

ಮಂತ್ರಿಮಂಡಲದ ಸಲಹೆಯಂತೆ ನಡೆಯುವ ರಾಷ್ಟ್ರಪತಿಗೆ ಸ್ವಂತ ಅಧಿಕಾರವೆಲ್ಲಿಯದು ಎಂಬ ಇನ್ನೊಂದು ಆಕ್ಷೇಪಣೆಗೆ ಉತ್ತರವು ನಮ್ಮ ಸೀಮೆಯಲ್ಲಿಯೇ ಇದೆ. ಅನಂತಪುರ ಜಿಲ್ಲೆಯ ಇಲ್ಲೂರಿನಲ್ಲಿ ಜನಿಸಿ, 1967ರಲ್ಲಿ ಹಿಂದೂಪುರದಿಂದ ಲೋಕಸಭೆಗೆ ಆರಿಸಿಬಂದು, 1977ರ ಜುಲೈಯಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದ ನೀಲಂ ಸಂಜೀವರೆಡ್ಡಿಯವರ ಮುಂದೆ 1979ರಲ್ಲಿ ಎಂತಹ ಗಳಿಗೆ ಬಂದೊದಗಿತೆಂಬುದನ್ನು ಹಿರಿಯರು ಬಲ್ಲರು. ಜುಲೈ 15ರಂದು ಪ್ರಧಾನಿ ಮೊರಾರ್ಜಿ ದೇಸಾಯಿಯವರು ರಾಜೀನಾಮೆಯಿತ್ತರು. ಜುಲೈ 28ರಂದು ಚರಣ ಸಿಂಗರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಇಂದಿರಾ ಗಾಂಧಿಯವರ ಪಕ್ಷವು ಬೆಂಬಲವನ್ನು ಹಿಂತೆಗೆದುಕೊಳ್ಳಲಾಗಿ, ಒಂದು ದಿನವೂ ಲೋಕಸಭೆಯ ವಿಶ್ವಾಸವನ್ನು ಪಡೆಯದೆಯೇ ಅವರು ಆಗಸ್ಟ್ 20ರಂದು ರಾಜೀನಾಮೆಯಿತ್ತು, ಸಭೆಯನ್ನು ವಿಸರ್ಜಿಸಬೇಕೆಂದು ಸಲಹೆ ಮಾಡಿದರು. ಜನತಾ ಪಕ್ಷದ ನಾಯಕ ಜಗಜೀವನ ರಾಮರು ಸರ್ಕಾರ ರಚಿಸಲು ತಾವು ಸಿದ್ಧರೆಂದು ಹೇಳುತ್ತಿದ್ದರು. ಆಗಸ್ಟ್ 22ರಂದು ಸಂಜೀವರೆಡ್ಡಿಯವರು ಸಭೆಯನ್ನು ವಿಸರ್ಜಿಸಿದರು. ಜಗಜೀವನ ರಾಮರಿಗೆ ಒಂದು ಅವಕಾಶ ದೊರೆಯಬೇಕಾಗಿತ್ತೆಂದೇ ನಮ್ಮ ಎಣಿಕೆ. ಅದು ಹೇಗೇ ಇರಲಿ, ಆ ಐದಾರು ವಾರಗಳಲ್ಲಿ ದೇಶದ ಆಳ್ವಿಕೆ ಯಾರ ಕೈಗೆ ಹೋಗಬೇಕೆಂಬುದು ಒಬ್ಬನೇ ಮನುಷ್ಯನ ವಿವೇಚನೆಯನ್ನು ಅವಲಂಬಿಸಿದ್ದುದಂತೂ ದಿಟ. ಅಂತಹ ಗಳಿಗೆಯಲ್ಲಿ ಆ ಪೀಠದಲ್ಲಿರುವವನು ಮತ್ತೆ ಮತ್ತೆ ಆಯ್ಕೆಯಾಗಬೇಕೆಂಬ ಹಂಬಲವುಳ್ಳವನಾದರೆ, ತನ್ನ ಎದುರು ಹಕ್ಕು ಮಂಡಿಸುತ್ತಿರುವ ಪಕ್ಷಗಳ ಸದಸ್ಯರೇ ನಾಳೆ ತನ್ನ ಮತದಾರರೆಂಬುದನ್ನು ಮರೆಯಬಲ್ಲನೆ?

ಇದಕ್ಕೆ ಒಂದೇ ಅವಧಿಯ ಮಿತಿ ಇನ್ನೂ ಮೇಲಲ್ಲವೆ ಎಂದರೆ, ವಾದದಲ್ಲಿ ಹುರುಳಿದೆಯೆಂದು ಒಪ್ಪುತ್ತೇವೆ. ಆದರೆ ಹೊಸ ಗಣರಾಜ್ಯವು ರಾಜೇಂದ್ರ ಪ್ರಸಾದರ ಅನುಭವವನ್ನು 1962ರವರೆಗೂ ಪಡೆದುದು ಸಣ್ಣ ಲಾಭವಲ್ಲ. ಯೋಗ್ಯನಾದವನಿಗೆ ಎರಡನೆಯ ಬಾಗಿಲು ತೆರೆದಿರಲಿ, ಮೂರನೆಯದು ಬೇಡ.

ಬೇಡವಾದವನನ್ನು ಮತದಿಂದಲೇ ಇಳಿಸಬಹುದಲ್ಲ ಎನ್ನುವವರು ನೆರೆಯ ಲಂಕೆಯನ್ನು ನೋಡಲಿ. 1978ರ ಸಂವಿಧಾನದಲ್ಲಿದ್ದ ಎರಡು ಅವಧಿಯ ಮಿತಿಯನ್ನು 2010ರಲ್ಲಿ, ಮಹಿಂದ ರಾಜಪಕ್ಸೆಯವರು ಅಧಿಕಾರದಲ್ಲಿದ್ದಾಗಲೇ, 18ನೆಯ ತಿದ್ದುಪಡಿಯಿಂದ ತೆಗೆಯಲಾಯಿತು. 2015ರ ಜನವರಿಯಲ್ಲಿ ಮೂರನೆಯ ಅವಧಿಯನ್ನು ಬಯಸಿದ ಅವರನ್ನು ಸೋಲಿಸಿದವರು ಸಾಕ್ಷಾತ್ ಪ್ರಜೆಗಳು. ಅದೇ ವರ್ಷ ಮಿತಿ ಮರಳಿ ಬಂದಿತು. ನಮ್ಮಲ್ಲಿಯಾದರೋ ರಾಷ್ಟ್ರಪತಿಯನ್ನು ಆರಿಸುವ ಮತ ನಮ್ಮ ನಿಮ್ಮ ಕೈಯಲ್ಲಿಲ್ಲ. ಮಡಕಶಿರದ, ರಾಯದುರ್ಗದ ಶಾಸಕರಿಗೆ ಆ ಮತವುಂಟು. ಅವರನ್ನು ಆರಿಸಿ ಕಳುಹಿದ ರೈತನಿಗೆ, ನೇಕಾರನಿಗೆ ಇಲ್ಲ. ಲಂಕೆಯ ಪ್ರಜೆಗಳಿಗೆ ಒದಗಿದ ಆ ಉಪಾಯವು ನಮಗೆ ಒದಗದು.

ರಾಷ್ಟ್ರಪತಿಯ ಚುನಾವಣೆಯನ್ನು ಕುರಿತ 54, 55ನೆಯ ವಿಧಿಗಳನ್ನು ತಿದ್ದಲು ಅರ್ಧದಷ್ಟಾದರೂ ರಾಜ್ಯಗಳ ವಿಧಾನಮಂಡಲಗಳ ಅನುಮೋದನೆ ಬೇಕು. 57ನೆಯ ವಿಧಿಗೆ ಆ ಕಟ್ಟಿಲ್ಲ. ಸಂಸತ್ತಿನ ಎರಡು ಸದನಗಳಲ್ಲಿಯೂ ಒಟ್ಟು ಸದಸ್ಯರ ಬಹುಮತ ಹಾಗೂ ಹಾಜರಿದ್ದು ಮತ ನೀಡುವವರ ಮೂರರಲ್ಲಿ ಎರಡು ಪಾಲು ದೊರೆತರೆ ಸಾಕು. ಆದುದರಿಂದ ಮಡಕಶಿರದವರು ಹಿಂದೂಪುರದ ಸಂಸತ್ಸದಸ್ಯರಿಗೂ, ರಾಯದುರ್ಗದವರು ಅನಂತಪುರದ ಸಂಸತ್ಸದಸ್ಯರಿಗೂ, ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ, ಕೈಯಾರೆ ಕಾಗದ ಬರೆದು, ಊರಿನವರ ಸಹಿ ಹಾಕಿಸಿ, ಈ ಒಂದು ತಿದ್ದುಪಡಿಯ ಮಸೂದೆಯನ್ನು ಮಂಡಿಸುವಿರೋ ಇಲ್ಲವೋ ಎಂದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕೆಂದು ಪ್ರಾರ್ಥಿಸುತ್ತೇವೆ.